ಸಂದರ್ಶನದ ಹಿಂದಿನ ತೆಂಬರೆ

"ಇನ್ನೊಮ್ಮೆ ಹಾಕಿ," ಎಂದ ಪತ್ತೇದಾರ ಕುಶಾಲಪ್ಪ.

"ಬೆಳಗಿನಿಂದ ಇದನ್ನೇ ಹೇಳ್ತಾ ಇದ್ದೀರಿ ಮಾರಾಯ್ರೆ. ಬಲ್ಬು ಸುಟ್ಟು ಹೋದರೆ ಮದರಾಸಿನಿಂದಲೇ ಬರಬೇಕು, ಗೊತ್ತುಂಟಾ?"

ಹೀಗೆ ಗೊಣಗುತ್ತಲೇ ರಮಾನಾಥ ರೀಲನ್ನು ಹಿಂದಕ್ಕೆ ಸುತ್ತಿದ. ತಾನು ತೆಗೆದ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತೇನೆ ಎನ್ನುವ ಪ್ರೇಕ್ಷಕ ಸಿಕ್ಕರೆ ಯಾವ ನಿರ್ದೇಶಕನಿಗೆ ತಾನೇ ಬೇಡವೆನ್ನಲು ಬಾಯಿ ಬಂದೀತು? ಅವನು ಹುಟ್ಟಿದ್ದು ಬಂಟ್ವಾಳದಲ್ಲಾದರೂ ಬೆಳೆದದ್ದೆಲ್ಲ ಮದರಾಸಿನಲ್ಲಿ. ಸಾಕ್ಷ್ಯಚಿತ್ರ ತೆಗೆಯುವುದು ಅವನ ಕಸುಬು. ನಿನ್ನೆ ಸಂಜೆ ಮೂಡಬಿದ್ರಿಯ ಇದೇ ಶಾಲೆಯ ಹಾಲಿನಲ್ಲಿ ಊರೆಲ್ಲ ಸೇರಿ ಅವನ ಚಿತ್ರ ನೋಡಿ ಕಣ್ಣೊರೆಸಿಕೊಂಡಿತ್ತು.

ಕಿಟಕಿಗಳಿಗೆ ಕಟ್ಟಿದ ಕಂಬಳಿಗಳು ಇನ್ನೂ ಹಾಗೆಯೇ ಇದ್ದವು. ಹೊರಗೆ ಆಟಿ ತಿಂಗಳ ಮಳೆ ಬಂದು ಬಂದು ನಿಲ್ಲುತ್ತಿತ್ತು. ಕುಶಾಲಪ್ಪ ಕುರ್ಚಿಯಲ್ಲಿ ಕೂರಲಾರ, ನಿಲ್ಲಲೂ ಆರ. ನಸ್ಯದ ಡಬ್ಬಿಯನ್ನು ತೆರೆಯುವುದು, ಏರಿಸದೆ ಮುಚ್ಚುವುದು, ಇದೇ ಆಗಿತ್ತು. ಏನೋ ಒಂದು ಕಿವಿಗೆ ಬಿದ್ದಿದೆ, ಆದರೆ ತಲೆಗೆ ತಲುಪುತ್ತಿಲ್ಲ ಎಂಬ ಸಂಕಟ ಅವನದು.

ಹೊತ್ತೂ ಇರಲಿಲ್ಲ. ಏಳು ವರ್ಷದ ಹಿಂದೆ, ಮಳೆಗಾಲ ಶುರುವಾಗುವ ಕಾರ್ತೆಲ್ ತಿಂಗಳ ನೆರೆಯಲ್ಲಿ, ಸಿನೆಮಾ ಸಂಗೀತ ನಿರ್ದೇಶಕ ವೀರರಾಜ ಪಡಿವಾಳ ಮಾಸ್ತರರು ಬಂಟ್ವಾಳದ ಬಳಿ ದೋಣಿ ಮಗುಚಿ ನೇತ್ರಾವತಿಯ ಪಾಲಾಗಿದ್ದರು. ಹೆಣ ಸಿಕ್ಕಿರಲಿಲ್ಲ. ಈಜಿ ದಡ ಸೇರಿದ ಅವರ ಕ್ಲಾರಿನೆಟ್ ವಾದಕ ಮೂಸಾ ಈಗ ಅವರನ್ನು ಕೊಂದ ಆರೋಪದ ಮೇಲೆ ಬಂಟ್ವಾಳದ ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆ ಅವನನ್ನು ವ್ಯಾನಿನಲ್ಲಿ ಮಂಗಳೂರಿಗೆ ಸಾಗಿಸುವವರಿದ್ದರು. ಹೋದ ಮೇಲೆ ಅವನು ಸುಲಭಕ್ಕೆ ಹಿಂದೆ ಬರುವ ಹಾಗಿರಲಿಲ್ಲ.

ಹಾಲಿನ ಕೊನೆಯ ಬೆಂಚಿನಲ್ಲಿ ಮೂಸಾನ ಹೆಂಡತಿ ಸೈನಬ ಕೂತಿದ್ದಳು. ಗಂಡನಿಗೆಂದು ಕಟ್ಟಿದ ಬುತ್ತಿಪಾತ್ರೆ ಅವಳ ತೊಡೆಯ ಮೇಲಿತ್ತು. ಕುಶಾಲಪ್ಪನನ್ನು ಪುತ್ತೂರಿನಿಂದ ಹುಡುಕಿ ತಂದವಳು ಅವಳೇ.

ಪ್ರೊಜೆಕ್ಟರು ಕಿರಕಿರ ಎಂದಿತು. ಪರದೆಯ ಮೇಲೆ ಮದರಾಸಿನ ವೃದ್ಧ ಪಿಟೀಲು ವಾದಕರೊಬ್ಬರು ಕನ್ನಡಕ ಒರೆಸುತ್ತ ಹೇಳತೊಡಗಿದರು:

"ಪಡಿವಾಳರ ರೆಕಾರ್ಡಿಂಗ್ ಅಂದರೆ ನಾವು ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದೆವು. ಅವರೇನೂ ಹೇಳಿದ್ದಲ್ಲ. ನಮಗೇ ಹಾಗೆ ಅನ್ನಿಸುತ್ತಿತ್ತು."

ಅವರ ಬೆನ್ನಿಗೆ ಒಬ್ಬ ಗಾಯಕಿ ಬಂದರು. "ನನ್ನ ಉಸಿರು ಎಲ್ಲಿ ಮುಗಿಯುತ್ತದೆ ಅಂತ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಸಾಲನ್ನು ಅಲ್ಲಿಗೇ ತಂದು ಇಳಿಸುತ್ತಿದ್ದರು. ಅಷ್ಟು ಕರುಣೆ ಇದ್ದ ಸಂಗೀತ ನಿರ್ದೇಶಕರನ್ನು ನಾನು ಮತ್ತೆ ನೋಡಲಿಲ್ಲ."

ಕುಶಾಲಪ್ಪ ನಸ್ಯದ ಡಬ್ಬಿಯನ್ನು ಮುಚ್ಚಿ ಜೇಬಿಗಿಟ್ಟ. ಪೊಲೀಸ್ ಕೆಲಸದಲ್ಲಿದ್ದಾಗ ಮಾಸ್ತರರ ಸಂಗೀತವಿದ್ದ 'ಹೊಳೆಯಾಚೆಯ ದೀಪ' ಚಿತ್ರಕ್ಕೆ ಜನ ಮುಗಿಬಿದ್ದು, ಟೆಂಟಿನ ಬಾಗಿಲಲ್ಲಿ ಅವನನ್ನು ಕಾವಲಿಗೆ ನಿಲ್ಲಿಸಿದ್ದರು. ಒಂದು ದೃಶ್ಯವನ್ನೂ ಅವನು ನೋಡಲಿಲ್ಲ. ಆದರೆ ಕ್ಯಾನ್ವಾಸಿನ ಈಚೆ ನಿಂತು ಅದರ ಜೋಗುಳವನ್ನು ಪ್ರತಿ ಆಟದಲ್ಲೂ ಕೇಳಿದ. ನಾಯಕಿ ಕಪ್ಪೋ ಬಿಳುಪೋ ಇವತ್ತಿಗೂ ತಿಳಿಯದು. ಆ ಜೋಗುಳವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸಿಳ್ಳೆ ಹಾಕಿಯಾನು.

ಅಂಥ ಮನುಷ್ಯನನ್ನು ಒಬ್ಬ ಕ್ಲಾರಿನೆಟ್ಟಿನವ ನೀರಿಗೆ ತಳ್ಳಿದ ಎಂದರೆ ನಂಬುವುದು ಹೇಗೆ? ನಂಬದಿರಲು ಆಧಾರವಾದರೂ ಎಲ್ಲಿ? ಮೂಸಾ ಬಾಯಿ ಬಿಡುತ್ತಿರಲಿಲ್ಲ. ಕೊಂದೆ ಎಂದೂ ಹೇಳ, ಕೊಂದಿಲ್ಲ ಎಂದೂ ಹೇಳ.

ಪರದೆಯ ಮೇಲೆ ಈಗ ಮಾಸ್ತರರ ಸೋದರಳಿಯ ರವಿರಾಜ ಬಂದ. ವೇಣೂರಿನ ಮನೆಯ ಚಾವಡಿ, ರೇಷ್ಮೆ ಅಂಗಿ, ಪಕ್ಕದಲ್ಲಿ ಒಂದು ಜರ್ಮನ್ ಟೇಪ್ ರೆಕಾರ್ಡರ್. ಅದರ ಮೇಲೆ ಕೈಯಿಟ್ಟು ಕೂತ ಗತ್ತು ನೋಡಬೇಕು.

"ಇದನ್ನು ನೆರೆ ಬಂದ ವರ್ಷದ ಬಿಸು ಹಬ್ಬಕ್ಕೆ ಬೊಂಬಾಯಿಯಿಂದ ತರಿಸಿದೆ. ನಮ್ಮ ಸೀಮೆಗೆ ಬಂದ ಮೊದಲನೆಯ ಟೇಪ್ ರೆಕಾರ್ಡರ್ ಇದು. ಬಿಸುವಿನ ಮರುದಿನ ಮಾಮನನ್ನು ಕೂರಿಸಿ ಮಾತಾಡಿಸಿದೆ. ಅದೇ ಅವರ ಕೊನೆಯ ಸಂದರ್ಶನ. ಆಮೇಲೆ ನೆರೆ ಬಂತು. ಆ ದಿನ ದಡದಲ್ಲಿ ಮೂಸಾ ಅವರ ಮೇಲೆ ಹಾರಾಡಿದ್ದನ್ನು ಈ ಕಣ್ಣಿನಿಂದ ಕಂಡವ ನಾನು. 'ಇವತ್ತು ನಿಮ್ಮನ್ನು ಬಿಡುವುದಿಲ್ಲ' ಅಂದ."

ಹೋದ ವಾರ ಮಂಗಳೂರಿನಲ್ಲಿ ಚಿತ್ರ ತೋರಿಸಿದ ಮೇಲೆ ರವಿರಾಜ ಇದೇ ಮಾತನ್ನು ಪೊಲೀಸರ ಮುಂದೆಯೂ ಹೇಳಿದ್ದ. ಮೂಸಾನನ್ನು ಹಿಡಿದದ್ದು ಅದರ ಮೇಲೆಯೇ.

ಯಂತ್ರದ ಚಕ್ರಗಳು ತಿರುಗಿದವು. ಸತ್ತವರ ಸ್ವರ ಹಾಲನ್ನು ತುಂಬಿತು. ತುಸು ಒಡೆದ, ದಣಿದ ಸ್ವರ.

"ಮೂಸಾ ಒಂದೇ ಸ್ವರ ಹಿಡಿದು ನಿಲ್ಲುತ್ತಿದ್ದ. ನಾನು ಕೋಣೆಯಲ್ಲಿ ಆಚೆ ಈಚೆ ನಡೆಯುತ್ತಿದ್ದೆ. ಆ ಸ್ವರ ಗೋಡೆಗೆ ತಾಗಿ ಹಿಂದೆ ಬರುವಾಗ ಪಲ್ಲವಿ ತಾನಾಗಿ ಕೂಡಿಕೊಳ್ಳುತ್ತಿತ್ತು. ಎಲ್ಲರೂ ನಡೆದವನನ್ನು ಹೊಗಳಿದರು. ನಿಂತವನನ್ನು ಯಾರೂ ಕೇಳಲಿಲ್ಲ."

ಒಂದು ದೀರ್ಘ ಮೌನ. ಮೌನದ ಹಿಂದೆ, ಅಂಗಳದ ಕಡೆಯಿಂದ, ಒಂದು ಸಣ್ಣ ಚರ್ಮವಾದ್ಯದ ಬಡಿತ. ಯಾರೋ ಹೆಂಗಸಿನ ಅಸ್ಪಷ್ಟ ಮಾತು. ಮತ್ತೆ ಮಾಸ್ತರರು:

"ಕೊನೆಯ ಹಾಡನ್ನು ಒಬ್ಬನ ಕಂಠಕ್ಕೆ ಅಂತಲೇ ಕಟ್ಟಿದೆ. ಅವನು ಹಾಡಲಿಲ್ಲ. ಇನ್ನು ನಾನು ಕಟ್ಟುವುದಿಲ್ಲ."

ಇದರ ಮೇಲೆ ರಮಾನಾಥನ ಗಂಭೀರ ನಿರೂಪಣೆ ಬಂತು: 'ಮರಣದ ಮುನ್ಸೂಚನೆಯೋ ಎಂಬಂತಿವೆ ಈ ಮಾತುಗಳು. ಹಿನ್ನೆಲೆಯಲ್ಲಿ ಮಾಸ್ತರರು ತಮ್ಮ ನೆಲದಿಂದ ಆರಿಸಿಕೊಂಡ ಜಾನಪದ ತಾಳವನ್ನು ಗಮನಿಸಿ.'

"ಆ ತಾಳ ಅವರು ಆರಿಸಿದ್ದು ಅಂತ ನಿಮಗೆ ಯಾರು ಹೇಳಿದ್ದು?" ಕುಶಾಲಪ್ಪ ಗಕ್ಕನೆ ಕೇಳಿದ.

"ಯಾರು ಹೇಳಬೇಕು? ಎಷ್ಟು ಹದವಾಗಿ ಕೂತಿದೆ ನೋಡಿ. ಮದರಾಸಿನಲ್ಲಿ ದೊಡ್ಡ ದೊಡ್ಡವರೇ ಮೆಚ್ಚಿದರು."

"ಮೆಚ್ಚಲಿ," ಎಂದು ಕುಶಾಲಪ್ಪ ಕೊಡೆ ಎತ್ತಿಕೊಂಡ. "ನೀವು ಈ ರೀಲನ್ನು ಹಿಡಿದುಕೊಂಡು ಸಂಜೆಯೊಳಗೆ ಬಂಟ್ವಾಳಕ್ಕೆ ಬನ್ನಿ. ಸೈನಬಾ, ನಡೆಯಿರಿ. ವೇಣೂರಿಗೆ ಹೋಗುವ."

*

ಬಸ್ಸು ಮೆಲ್ಲಗೆ ಹೊರಟಿತು. ಕುಶಾಲಪ್ಪನ ಕಾಲು ಮಾತ್ರ ಒಂದೇ ಸಮನೆ ಕುಣಿಯುತ್ತಿತ್ತು. ಪ್ರತಿ ನಿಲ್ದಾಣದಲ್ಲೂ ಕಂಡಕ್ಟರ್ ಯಾರದೋ ಕ್ಷೇಮ ಸಮಾಚಾರ ವಿಚಾರಿಸುವಾಗ ಅವನನ್ನು ಹಿಡಿದು ಹೊರಗೆಸೆಯಬೇಕೆನ್ನಿಸುತ್ತಿತ್ತು.

"ನಿಮ್ಮ ಗಂಡ ಯಾಕೆ ಮಾತಾಡುವುದಿಲ್ಲ?" ಎಂದು ಸೈನಬಳನ್ನು ಕೇಳಿದ.

"ನನ್ನ ಹತ್ತಿರವೂ ಮಾತಾಡುವುದಿಲ್ಲ ಸಾಹೇಬ್ರೆ. ಆ ನೆರೆ ಬಂದ ಮೇಲೆ ಹಾಗೇ. ಕ್ಲಾರಿನೆಟ್ಟು ಪೆಟ್ಟಿಗೆಯಲ್ಲಿ ಉಂಟು, ಒಮ್ಮೆಯೂ ತೆಗೆಯಲಿಲ್ಲ." ಅವಳು ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡಳು. "ಮೊದಲು ಹೀಗಿರಲಿಲ್ಲ. ಇವರು ಮದರಾಸಿನಿಂದ ಬಂದರೆ ಮನೆಯಲ್ಲಿ ಮದುವೆಯ ಗದ್ದಲ. ಇವರು ನುಡಿಸುವುದು, ನನ್ನ ತಮ್ಮ ಹಾಡುವುದು."

"ತಮ್ಮ ಇದ್ದಾನಾ?"

"ಇಬ್ರಾಹಿಂ ಖಲೀಲ್ ಅಂತ." ಅವಳ ಮುಖ ಅರಳಿತು. "ಅವನನ್ನು ಸಾಕಿದ್ದು ನಾನೇ. ಎಂಥ ಸ್ವರ ಅಂತೀರಿ! ಮಾಸ್ತರರು ಕೇಳಿ, 'ಇವನನ್ನು ನಾನು ಕರೆದುಕೊಂಡು ಹೋಗ್ತೇನೆ' ಅಂದಿದ್ದರು. ಅವನಿಗೆ ಎಲ್ಲಿಯ ಪುರುಸೊತ್ತು? ನೆರೆ ಬಂದ ಆ ಮಳೆಗಾಲದಲ್ಲೇ ಬೊಂಬಾಯಿಗೆ ಹೋಗಿ ಹಡಗು ಹತ್ತಿದ. ಬಸ್ಸಿಗೆ ಕೂರಿಸಿ ಬಂದದ್ದು ನಮ್ಮ ಮನೆಯವರೇ. ಒಂದು ಸುದ್ದಿ ಇಲ್ಲ, ಸಮಾಚಾರ ಇಲ್ಲ. ಯಾವ ದೇಶದಲ್ಲಿದ್ದಾನೋ. ಬರಲಿ, ಕಿವಿ ಹಿಂಡುತ್ತೇನೆ."

ಕುಶಾಲಪ್ಪನ ಗಮನ ಅಷ್ಟರಲ್ಲಿ ಹೊರಗೆ ಹೋಗಿತ್ತು. ಶಿರ್ತಾಡಿಯಲ್ಲಿ ಬಸ್ಸು ನಿಂತಿತ್ತು. ಗದ್ದೆಯಾಚೆಯ ಒಂದು ಮನೆಯಂಗಳದಿಂದ ತೆಂಬರೆಯ, ಅದೇ ಸಣ್ಣ ಚರ್ಮವಾದ್ಯದ, ಬಡಿತ ಕೇಳಿಸಿತು.

ಅವನು ಕಿಟಕಿಯ ಟಾರ್ಪಾಲು ಎತ್ತಿ ತಲೆ ಹೊರಹಾಕಿದ.

ತೆಂಗಿನ ಎಳೆಗರಿಯ ಉಡುಗೆ, ಮುಖಕ್ಕೆ ಬಣ್ಣ, ಕೈಯಲ್ಲಿ ತಾಳೆಗರಿಯ ಕೊಡೆ. ಆಟಿ ಕಳೆಂಜ. ಮಳೆಯ ಮಧ್ಯೆ ಹೆಜ್ಜೆ ಹಾಕುತ್ತಿದ್ದ. ಹಿಂದೆ ನಿಂತ ಮುದುಕಿ ತೆಂಬರೆ ಬಡಿಯುತ್ತ ಹಾಡುತ್ತಿದ್ದಳು. ಮನೆಯೊಡತಿ ಗೆರಸೆಯಲ್ಲಿ ಭತ್ತ, ಅರಿಶಿನ, ಇದ್ದಿಲು ತಂದಳು. ಊರಿನ ಮಾರಿಯನ್ನೆಲ್ಲ ಬಾಚಿಕೊಂಡು ಹೋಗುವವನಿಗೆ ವರ್ಷವೂ ಕೊಡುವ ಪಡಿ ಅದು.

ಚಿಕ್ಕಂದಿನಿಂದ ನೋಡಿದ ನೋಟ, ಕೇಳಿದ ಸದ್ದು. ಅದಕ್ಕೇ ಕೇಳಿಸಿರಲಿಲ್ಲ! ಮದರಾಸಿನವರು ಅದನ್ನು ಸಂಗೀತವೆಂದುಕೊಂಡರು. ಮೂಡಬಿದ್ರಿಯವರಿಗೆ ಅದು ಕಾಗೆ ಕೂಗಿದ ಹಾಗೆ, ಲೆಕ್ಕಕ್ಕೇ ಇಲ್ಲ. ಬೆಳಗಿನಿಂದ ಕಿವಿಯೊಡ್ಡಿ ಕೂತ ತಾನೂ ಅದೇ ಜಾತಿ!

"ಅಯ್ಯೋ ನನ್ನ ಬುದ್ಧಿಗೆ!" ಎಂದು ಅವನು ಹಣೆ ಬಡಿದುಕೊಂಡ ರಭಸಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು.

"ಎಂಥ ಆಯ್ತು ಸಾಹೇಬ್ರೆ?"

"ಸೈನಬಾ, ಕಳೆಂಜ ಯಾವ ತಿಂಗಳಲ್ಲಿ ಬರ್ತಾನೆ?"

"ಆಟಿಯಲ್ಲಿ. ಸಣ್ಣ ಮಕ್ಕಳಿಗೂ ಗೊತ್ತಲ್ಲ."

"ಕಾರ್ತೆಲ್ ಮೊದಲೋ, ಆಟಿ ಮೊದಲೋ?"

"ಕಾರ್ತೆಲ್ ಮುಗಿದ ಮೇಲೆ ಆಟಿ." ಅವಳು ಅವನನ್ನೇ ಗಾಬರಿಯಿಂದ ನೋಡಿದಳು.

"ಮಾಸ್ತರರು ಹೊಳೆ ಪಾಲಾದದ್ದು ಕಾರ್ತೆಲಿನಲ್ಲಿ. ಅವರ ಸಂದರ್ಶನದ ಹಿಂದೆ ಕೇಳುವುದು ಕಳೆಂಜನ ತೆಂಬರೆ. ಇನ್ನು ನೀವೇ ಹೇಳಿ."

ಸೈನಬಳ ಕೈಯಿಂದ ಬುತ್ತಿಪಾತ್ರೆ ಜಾರಿತು. ಕುಶಾಲಪ್ಪ ಅದನ್ನು ಹಿಡಿದ.

*

ವೇಣೂರಿನ ಅಂಗಡಿಯೊಂದರ ಜಗಲಿಯಲ್ಲಿ ಸೈನಬಳನ್ನು ಕೂರಿಸಿ ಕುಶಾಲಪ್ಪ ಒಬ್ಬನೇ ರವಿರಾಜನ ಮನೆಗೆ ಹೋದ. ಚಾವಡಿಯಲ್ಲಿ, ಚಿತ್ರದಲ್ಲಿ ಕಂಡ ಅದೇ ಜಾಗದಲ್ಲಿ, ಜರ್ಮನ್ ಯಂತ್ರ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ರವಿರಾಜನ ತಾಯಿ ಅನಂತಮತಿ, ಮಾಸ್ತರರ ತಂಗಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಚೊಂಬಿನಲ್ಲಿ ತಂದಿಟ್ಟು ಒಳಗೆ ಹೋದಳು.

"ಚಿತ್ರ ನೋಡಿದೆ," ಎಂದ ಕುಶಾಲಪ್ಪ. "ನಿಮ್ಮ ಮಾತು ಬಹಳ ಒಳ್ಳೆಯದಾಯಿತು. ಈ ಯಂತ್ರದ ವಿಷಯ ಹೇಳಿದ್ದು ಇನ್ನೂ ಒಳ್ಳೆಯದಾಯಿತು."

ರವಿರಾಜ ಹಿಗ್ಗಿದ. "ಮಾಮನ ಸ್ವರವನ್ನು ಉಳಿಸಿದ್ದೇ ನಾನು. ನಾನಿಲ್ಲದಿದ್ದರೆ ಆ ಚಿತ್ರದಲ್ಲಿ ಎಂಥ ಉಂಟು? ಮದರಾಸಿನ ನಾಲ್ಕು ಮುದುಕರು."

"ಆ ಟೇಪನ್ನು ಒಮ್ಮೆ ಕೇಳಬಹುದಾ? ನನಗೆ ಅವರ ಹಾಡೆಂದರೆ ಪ್ರಾಣ."

ಹೊಗಳಿಕೆಗೆ ಕರಗದ ಮನುಷ್ಯನಲ್ಲ ರವಿರಾಜ. ಬಟ್ಟೆ ಸರಿಸಿ, ಸುರುಳಿ ಹಾಕಿ, ಗುಂಡಿ ಒತ್ತಿದ. ಪ್ರೊಜೆಕ್ಟರಿನ ಕಿರಕಿರ ಇಲ್ಲದ ಕಾರಣ ಎಲ್ಲ ನಿಚ್ಚಳವಾಗಿ ಕೇಳಿಸಿತು. ಮಾಸ್ತರರ ಉಸಿರು. ಸೂರಿನ ನೀರು. ಆಮೇಲೆ ತೆಂಬರೆ. ಅದರ ಹಿಂದೆಯೇ ಹೆಂಗಸಿನ ಸ್ವರ, ತುಳುವಿನಲ್ಲಿ, ಒಳಗಿದ್ದ ಯಾರಿಗೋ: "ಮಂಜಲ್, ಮಸಿ ಕೊಣರ್ಲೆ."

ಅರಿಶಿನ, ಇದ್ದಿಲು ತನ್ನಿ ಎಂದು.

"ಇಲ್ಲಿ ನಿಲ್ಲಿಸಿ," ಎಂದ ಕುಶಾಲಪ್ಪ. "ಈ ಸಂದರ್ಶನ ಯಾವಾಗಿನದ್ದು?"

"ಹೇಳಿದ್ದೇನಲ್ಲ. ಬಿಸುವಿನ ಮರುದಿನ."

"ಬಿಸುವಿನ ಮರುದಿನ, ಬೇಸಗೆಯಲ್ಲಿ, ಯಾರ ಮನೆಯ ಸೂರಿನಲ್ಲಿ ಇಷ್ಟು ನೀರು ಇಳಿಯುತ್ತದೆ?"

"ಒಂದೊಂದು ವರ್ಷ ಮಳೆ ಬೇಗ ಬರ್ತದೆ."

"ಬರಲಿ. ತೆಂಬರೆ?"

"ಹತ್ತಿರದಲ್ಲಿ ಎಲ್ಲಿಯೋ ಭೂತದ ಕೋಲ ಇದ್ದಿರಬೇಕು. ಬಿಸು ಬರುವ ಪಗ್ಗು ತಿಂಗಳಲ್ಲಿ ಕೋಲಕ್ಕೆ ಬರವಾ?" ರವಿರಾಜ ನಕ್ಕ. ನಗು ತುಟಿಯಿಂದ ಮೇಲೆ ಹೋಗಲಿಲ್ಲ.

"ಕೋಲ ನಡೆಯುವಲ್ಲಿಗೆ ನಾವು ಹೋಗ್ತೇವೆ. ನಮ್ಮ ಅಂಗಳಕ್ಕೆ ಬಂದು ಅರಿಶಿನ, ಇದ್ದಿಲು ತೆಗೆದುಕೊಂಡು ಹೋಗುವವನು ಒಬ್ಬನೇ. ಕಳೆಂಜ. ಅವನು ಬರುವ ತಿಂಗಳೂ ಒಂದೇ."

ರವಿರಾಜ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. "ಹಾಗಾದರೆ ಹಿಂದಿನ ವರ್ಷದ ಆಟಿ. ನನಗೆ ನೆನಪು ತಪ್ಪಿರಬೇಕು."

"ಹಿಂದಿನ ವರ್ಷ ಈ ಯಂತ್ರ ಬೊಂಬಾಯಿಯ ಅಂಗಡಿಯಲ್ಲಿತ್ತು. ಹೇಳಿದವರು ನೀವೇ. ಮಂಗಳೂರು ಕೇಳಿದೆ, ಮೂಡಬಿದ್ರಿ ಕೇಳಿದೆ." ಕುಶಾಲಪ್ಪ ಎದ್ದು ನಿಂತ. "ಕಾರ್ತೆಲಿನಲ್ಲಿ ಹೊಳೆ ಪಾಲಾದ ಮನುಷ್ಯ ಆಟಿಯಲ್ಲಿ ನಿಮ್ಮ ಚಾವಡಿಯಲ್ಲಿ ಕೂತು ಮಾತಾಡಿದ್ದಾನೆ ರವಿರಾಜರೇ. ಅದು ಗೊತ್ತಿದ್ದೂ ನೀವು, ಕಾಣದ ಜಗಳ ಕಂಡೆ ಅಂತ ಸುಳ್ಳು ಹೇಳಿ, ಒಬ್ಬ ಬಡಪಾಯಿಯ ಕೊರಳಿಗೆ ಕೊಲೆ ಕಟ್ಟಿದಿರಿ. ಮಾಮ ಸತ್ತರೆಂದು ಗಟ್ಟಿಯಾದರೆ ಮನೆ, ಹೆಸರು ಎಲ್ಲ ಅಳಿಯನಿಗೆ. ಅಷ್ಟಕ್ಕೇ ಅಲ್ಲವಾ?"

ರವಿರಾಜ ಸುರುಳಿಯನ್ನು ಯಂತ್ರದಿಂದ ಕಿತ್ತುಕೊಂಡ. ಕುಶಾಲಪ್ಪ ಕೈಚಾಚುವಷ್ಟರಲ್ಲಿ ಹಿತ್ತಿಲ ಕಡೆ ಓಡಿದ. ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು. ಟೇಪು ಬೆಂಕಿಗೆ ಬಿದ್ದು ಸುರುಟಿಕೊಂಡು ಉರಿಯಿತು. ಕೆಟ್ಟ ವಾಸನೆ ಮನೆಯೆಲ್ಲ ಹಬ್ಬಿತು.

ರವಿರಾಜ ತಿರುಗಿ ನಿಂತು ಏದುಸಿರು ಬಿಟ್ಟ. "ಈಗ ಹೇಳಿ, ಯಾವ ತೆಂಬರೆ? ಯಾವ ಕಳೆಂಜ?"

ಕುಶಾಲಪ್ಪನಿಗೆ ಸಿಟ್ಟಿನ ನಡುವೆಯೂ ನಗು ಬಂತು. "ಸುಟ್ಟದ್ದು ನಿಮ್ಮ ಮಾಮನ ಸ್ವರವನ್ನು ಮಾತ್ರ. ಆ ತೆಂಬರೆ ರಮಾನಾಥನ ರೀಲಿನಲ್ಲಿ ಗಟ್ಟಿಯಾಗಿ ಕೂತಿದೆ. ತಾಳ ಚೆನ್ನಾಗಿದೆ ಅಂತ ಅವನು ಅದನ್ನು ಇನ್ನಷ್ಟು ಏರಿಸಿದ್ದಾನೆ. ಇವತ್ತು ಸಂಜೆ ಬಂಟ್ವಾಳಕ್ಕೆ ಬರ್ತದೆ."

"ರವೀ, ಸಾಕು."

ಬಚ್ಚಲ ಬಾಗಿಲಲ್ಲಿ ಅನಂತಮತಿ ನಿಂತಿದ್ದಳು. ಒಲೆಯನ್ನೇ ನೋಡುತ್ತಿದ್ದಳು. ಅಣ್ಣನ ಸ್ವರ ಅವಳ ಕಣ್ಣೆದುರೇ ಬೂದಿಯಾಗಿತ್ತು.

"ಅರಿಶಿನ, ಇದ್ದಿಲು ತರಲಿಕ್ಕೆ ಹೇಳಿದ್ದು ನಾನೇ," ಎಂದಳು ಅವಳು ಕುಶಾಲಪ್ಪನ ಕಡೆ ತಿರುಗಿ. "ನೆರೆ ಇಳಿದ ಮೇಲೆ ಅಣ್ಣ ಬಂದ. ಮೈಯೆಲ್ಲ ಗಾಯ. ಆಟಿ ಮುಗಿಯುವವರೆಗೆ ಮಾಳಿಗೆಯ ಕೋಣೆಯಲ್ಲೇ ಇದ್ದ. ಹಾರ್ಮೋನಿಯಂ ತಂದಿಟ್ಟರೆ ಗೋಡೆಗೆ ಮುಖ ಮಾಡುತ್ತಿದ್ದ. ಇವನು ಪೀಡಿಸಿ ಪೀಡಿಸಿ ಯಂತ್ರದ ಮುಂದೆ ಕೂರಿಸಿದ್ದು."

"ಅಮ್ಮಾ!"

"ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅಣ್ಣ ಕೇಳಿಕೊಂಡಿದ್ದ, ಅದಕ್ಕೆ. ಬೇರೆಯವರ ಗಂಡನನ್ನು ಜೈಲಿಗೆ ಹಾಕು ಅಂತ ಅವನು ಹೇಳಿಲ್ಲ."

"ಆಮೇಲೆ ಎಲ್ಲಿಗೆ ಹೋದರು?" ಕುಶಾಲಪ್ಪ ಕೇಳಿದ.

"ಗೊತ್ತಿಲ್ಲ. ಆಟಿ ಕಳೆದು ಸೋಣ ಸಂಕ್ರಮಣದ ಬೆಳಿಗ್ಗೆ ಕೋಣೆ ಖಾಲಿ." ಅವಳು ಕಣ್ಣೊರೆಸಿಕೊಂಡಳು. "ನಾನು ಠಾಣೆಗೆ ಬರ್ತೇನೆ. ಏನು ಬೇಕಾದರೂ ಹೇಳ್ತೇನೆ. ಆದರೆ ನೀವು ಮೊದಲು ಮೂಸಾನನ್ನು ಕೇಳಿ. ಅಣ್ಣನನ್ನು ಕತ್ತಲೆಯಲ್ಲಿ ಈ ಅಂಗಳಕ್ಕೆ ತಂದು ಬಿಟ್ಟವನು ಅವನೇ."

ಮಾಸ್ತರರು ಬದುಕಿದ್ದಾರೆಂದು ಮೂಸಾನಿಗೆ ಗೊತ್ತಿತ್ತೇ? ಒಂದು ಮಾತು ಹೇಳಿದ್ದರೆ ಅವನು ಇಷ್ಟರಲ್ಲಿ ಮನೆಯಲ್ಲಿರುತ್ತಿದ್ದ!

*

ಪುಂಜಾಲಕಟ್ಟೆಯಲ್ಲಿ ಬಸ್ಸು ಬದಲಿಸಬೇಕಾಯಿತು. ಬಂಟ್ವಾಳದ ಬಸ್ಸಿನ ಸುಳಿವಿಲ್ಲ. ಕುಶಾಲಪ್ಪ ರಸ್ತೆಯ ಆ ಬದಿಗೆ ಹೋದ, ಈ ಬದಿಗೆ ಬಂದ, ಹೋಟೆಲಿನ ಚಹಾವನ್ನು ಅರ್ಧಕ್ಕೇ ಬಿಟ್ಟ. ಸೈನಬಳಿಗೆ ಎಲ್ಲ ಹೇಳಿದ್ದ. ಮೂಸಾನಿಗೆ ಗೊತ್ತಿತ್ತೆಂಬುದೊಂದನ್ನು ಮಾತ್ರ ಹೇಳಿರಲಿಲ್ಲ. ಅದು ಅವನ ಬಾಯಿಗೇ ಬರಲಿಲ್ಲ.

ಸೈನಬ ಒಮ್ಮೆ ಅಳುತ್ತಿದ್ದಳು, ಒಮ್ಮೆ ನಗುತ್ತಿದ್ದಳು. "ಇವತ್ತು ರಾತ್ರಿ ಮನೆಯಲ್ಲೇ ಊಟ ಮಾಡ್ತಾರಲ್ಲ ಸಾಹೇಬ್ರೆ? ಹಾಗಾದರೆ ಈ ಬುತ್ತಿ ಯಾಕೆ?"

"ಇರಲಿ, ಹಿಡಿದುಕೊಳ್ಳಿ."

"ಮಾಸ್ತರರು ಸಿಕ್ಕಿದರೆ ಖಲೀಲನ ಸುದ್ದಿಯನ್ನೂ ಕೇಳಬೇಕು. ಅವನು ಯಾರಿಗೆ ಬರೆಯದಿದ್ದರೂ ಅವರಿಗೆ ಬರೆದಾನು."

ಬಸ್ಸು ಬಂತು. ಬಂಟ್ವಾಳ ತಲುಪುವಾಗ ಸಂಜೆಯ ವ್ಯಾನು ಠಾಣೆಯ ಮುಂದೆ ಸಿದ್ಧವಾಗಿ ನಿಂತಿತ್ತು. ರಮಾನಾಥ ರೀಲಿನ ಡಬ್ಬಿ ತಬ್ಬಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದ. ಕುಶಾಲಪ್ಪ ಇನ್‌ಸ್ಪೆಕ್ಟರರನ್ನು ಕಂಡು 'ತುಸು ಸಮಯ ಕೊಡಿ' ಎಂದು ಗೋಗರೆದ. ಸೈನಬಳನ್ನು ಜಗಲಿಯಲ್ಲೇ ನಿಲ್ಲಲು ಹೇಳಿ ಒಳಗೆ ನುಗ್ಗಿದ.

ಮೂಸಾ ಸರಳುಗಳ ಹಿಂದೆ ಗೋಡೆಗೊರಗಿ ಕೂತಿದ್ದ. ನೀಳ ಬೆರಳುಗಳು ಸುಮ್ಮನೆ ಮಡಿಲಲ್ಲಿದ್ದವು.

"ಕಳೆಂಜ ನಿಮ್ಮನ್ನು ಬಿಡಿಸಿದ ಮೂಸಾ," ಎಂದ ಕುಶಾಲಪ್ಪ. "ಟೇಪಿನಲ್ಲಿ ಆಟಿಯ ತೆಂಬರೆ ಉಂಟು. ಮಾಸ್ತರರು ಮುಳುಗಲಿಲ್ಲ. ಅನಂತಮತಿಯಮ್ಮ ಸಾಕ್ಷಿ ಹೇಳ್ತಾರೆ. ನಿಮಗೆ ಇದೆಲ್ಲ ಗೊತ್ತಿತ್ತು. ಯಾಕೆ ಸುಮ್ಮನಿದ್ದಿರಿ?"

ಸಂತೋಷ ಕಾಣಬಹುದೆಂದು ಕಾದ ಮುಖದಲ್ಲಿ ಭಯ ಕಂಡಿತು. ಮೂಸಾ ಎದ್ದು ಬಂದು ಸರಳು ಹಿಡಿದ.

"ಆ ತೆಂಬರೆ ನಿಮಗೆ ಕೇಳಿಸಲಿಲ್ಲ ಅಂತ ಮಾಡಿ ಸಾಹೇಬ್ರೆ. ನಿಮ್ಮ ಕಾಲಿಗೆ ಬೀಳ್ತೇನೆ."

"ಹುಚ್ಚಾ ನಿಮಗೆ? ಆ ವ್ಯಾನು ಹತ್ತಿದರೆ ಮತ್ತೆ ಇಳಿಯಲಿಕ್ಕಿಲ್ಲ ಮಾರಾಯ್ರೆ!"

"ಹತ್ತುತ್ತೇನೆ. ಮಾಸ್ತರರು ಮುಳುಗಿಲ್ಲ ಅಂತ ನೀವು ತೋರಿಸಿದರೆ, ಆ ನೆರೆಯಿಂದ ಅವರನ್ನು ಎಳೆದವನು ಯಾರು ಅಂತ ಕೇಳ್ತಾರೆ. ನಾನು ಅಂತ ಹೇಳಬೇಕು." ಮೂಸಾನ ಸ್ವರ ಇಳಿಯಿತು. "ಆಮೇಲೆ ಇನ್ನೊಂದು ಕೇಳ್ತಾರೆ. ಬಿಟ್ಟದ್ದು ಯಾರನ್ನು ಅಂತ."

"ಬಿಟ್ಟದ್ದಾ? ದೋಣಿಯಲ್ಲಿದ್ದದ್ದು ನೀವಿಬ್ಬರೇ ಅಲ್ಲವಾ?"

"ಇಬ್ಬರು ಅಂತ ಹೇಳಿದವನು ನಾನು. ಮೂರು ಜನ ಇದ್ದೆವು. ನೀರಿನಲ್ಲಿ ಎರಡು ತಲೆ ಕಂಡಿತು. ಒಂದು ಕೈಯಲ್ಲಿ ಈಜಬೇಕು. ಉಳಿದದ್ದು ಒಂದೇ ಕೈ." ಅವನು ಆ ಕೈಯನ್ನು ಎತ್ತಿ ನೋಡಿಕೊಂಡ, ಅದು ಬೇರೆ ಯಾರದ್ದೋ ಎಂಬ ಹಾಗೆ. "ಮಾಸ್ತರರನ್ನು ಹಿಡಿದೆ. ಎಂಥ ಯೋಚನೆ ಮಾಡಿ ಹಿಡಿದೆ ಅಂತ ದೇವರಾಣೆ ನನಗೆ ಗೊತ್ತಿಲ್ಲ. ಅವರಿಗೂ ಆಮೇಲೆ ಬದುಕಲಿಕ್ಕೆ ನಾಚಿಕೆ ಆಯಿತು. ಇನ್ನೊಬ್ಬ ನನ್ನ ಹೆಸರು ಕೂಗಿದ್ದು ಈಗಲೂ ಕೇಳ್ತದೆ."

ಕುಶಾಲಪ್ಪನ ಕಿವಿಯಲ್ಲಿ ದಣಿದ ಸ್ವರವೊಂದು ಮತ್ತೆ ನುಡಿಯಿತು. ಒಬ್ಬನ ಕಂಠಕ್ಕೆ ಅಂತಲೇ ಕಟ್ಟಿದೆ. ಅವನು ಹಾಡಲಿಲ್ಲ. ಬಸ್ಸಿನಲ್ಲಿ ಸೈನಬ ತನ್ನ ತಮ್ಮನ ವಿಷಯ ಹೇಳಿದ್ದನ್ನು ತಾನು ಅರ್ಧ ಕಿವಿಯಲ್ಲಿ ಕೇಳಿದ್ದು ಈಗ ಪೂರ್ತಿ ಕೇಳಿಸಿತು.

"ಅವಳಿಗೆ ಗೊತ್ತಾಗಬಾರದು ಸಾಹೇಬ್ರೆ," ಎನ್ನುತ್ತಿದ್ದ ಮೂಸಾ ತಟ್ಟನೆ ಮಾತು ನಿಲ್ಲಿಸಿದ. ಅವನ ಕಣ್ಣು ಕುಶಾಲಪ್ಪನ ಭುಜದಾಚೆ ನೆಟ್ಟಿತ್ತು.

ಕುಶಾಲಪ್ಪ ತಿರುಗಿದ. ಬುತ್ತಿಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ಸೈನಬ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹೊರಗೆ ವ್ಯಾನಿನ ಇಂಜಿನು ಶುರುವಾಯಿತು.

ಅವಳು ಸರಳಿನ ಹತ್ತಿರ ಬಂದಳು. ಬುತ್ತಿಪಾತ್ರೆಯನ್ನು ನೆಲಕ್ಕೆ ಇಟ್ಟಳು. ಗಂಡನ ಮುಖವನ್ನು ನೋಡಲಿಲ್ಲ. ಅವನ ಬಲಗೈಯನ್ನು ನೋಡಿದಳು.

"ಖಲೀಲನನ್ನು ಬಸ್ಸಿಗೆ ಕೂರಿಸಿ ಬಂದೆ ಅಂತ ಹೇಳಿದ್ದಿರಲ್ಲ," ಎಂದಳು. "ಯಾವ ಬಸ್ಸು?"